ಯಾರು ಆರಿಸಬೇಕು, ಯಾರು ಇಳಿಸಬೇಕು: ಮೈಸೂರಿನ ಒಂದು ಭಾನುವಾರದ ನಡಿಗೆ

ಮೈಸೂರಿನಲ್ಲಿ ಪಾರಂಪರಿಕ ನಡಿಗೆಗಳಿಗೆ ಬರವಿಲ್ಲ. ಗುಮ್ಮಟ, ಕಮಾನು, ಮಹಾರಾಜರ ಕಾಲದ ಊಟ, ದಸರೆಯ ಆನೆ, ಹೀಗೆ ಒಂದೊಂದಕ್ಕೂ ಒಂದೊಂದು ನಡಿಗೆ ಇದೆ. ಆದರೆ ಸರ್ಕಾರ ನಡೆಸುವವರನ್ನು ಜನರೇ ನೇರವಾಗಿ ಆರಿಸಬೇಕೇ ಅಥವಾ ಜನ ಆರಿಸಿದ ಸಭೆ ಆರಿಸಬೇಕೇ ಎಂಬ ಪ್ರಶ್ನೆಯೊಂದನ್ನೇ ಹಿಡಿದು ಮೂರು ಗಂಟೆ ನಡೆಸುತ್ತೇವೆ ಎಂಬ ಪ್ರಕಟಣೆಯನ್ನು ನಾನು ಕಂಡದ್ದು ಇದೇ ಮೊದಲು. ತಲಾ 450 ರೂಪಾಯಿ ಕಟ್ಟಿ ಹೆಸರು ಬರೆಸಿದೆ. ನಡಿಗೆ ನಡೆಸುವ ತಂಡದ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನಾನು ಕಂಡ ಕೊರತೆಗಳನ್ನು ಅವರಿಗೇ ಬರೆದು ತಿಳಿಸಿದ್ದೇನೆ, ಇಲ್ಲಿ ಬರೆಯುತ್ತಿರುವುದು ಇಂಥ ನಡಿಗೆಗೆ ಹೋಗಬೇಕೆಂದಿರುವವರಿಗಾಗಿ. ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡುವುದು ಒಳ್ಳೆಯದು: ನಾನು ಮದ್ದೂರಿನ ಕಡೆಯವನು, ಊರೊಂದರ ಪೌರಸಂಸ್ಥೆಯ ಕೌನ್ಸಿಲ್ ಶಾಖೆಯಲ್ಲಿ ಸಭೆಯ ನಡಾವಳಿ ಬರೆಯುತ್ತಾ ನಿವೃತ್ತನಾದವನು. ಆದ್ದರಿಂದ ಈ ವಿಷಯದಲ್ಲಿ ನನಗೆ ಆಸಕ್ತಿಯ ಜೊತೆಗೆ ಒಂದಿಷ್ಟು ಪೂರ್ವಗ್ರಹವೂ ಇದೆ.

ಬೆಳಿಗ್ಗೆ ಏಳಕ್ಕೆ ದೊಡ್ಡ ಗಡಿಯಾರದ ಕೆಳಗೆ ಇಪ್ಪತ್ತನಾಲ್ಕು ಮಂದಿ ಸೇರಿದೆವು. ಮಾರ್ಗದರ್ಶಿ ರಾಜ್ಯಶಾಸ್ತ್ರ ಓದಿದ ಯುವತಿ. ಪಕ್ಕದ ಪುರಭವನದ ಮುಂದೆ, ಬಿಸಿಲು ತನ್ನ ಕಣ್ಣಿಗೆ ಬೀಳುವಂತೆ, ನಮ್ಮ ಬೆನ್ನಿಗೆ ಬೀಳುವಂತೆ ನಿಂತುಕೊಂಡರು. ಸಣ್ಣ ಸಂಗತಿಯಾದರೂ ಕಲಿತವರ ಲಕ್ಷಣ ಅದು. ಈ ಪುರಭವನ ದಿವಾನ್ ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ್ದು. 1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದ ವರ್ಷವೇ ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು, ಅಕ್ಟೋಬರ್ 7ರಂದು ಸೇರಿದ ಮೊದಲ ಸಭೆಗೆ ತಾಲ್ಲೂಕು ತಾಲ್ಲೂಕುಗಳಿಂದ 144 ಮಂದಿ ಜಮೀನುದಾರರು ಮತ್ತು ವರ್ತಕರು ಬಂದಿದ್ದರು. ಇಷ್ಟನ್ನು ಯಾವ ಮಾರ್ಗದರ್ಶಿಯೂ ಹೇಳುತ್ತಾರೆ. ಇವರು ಅಷ್ಟಕ್ಕೇ ನಿಲ್ಲಿಸದೆ, "ಈ 144 ಮಂದಿಗೆ ದಿವಾನರು ಬೇಡವೆನಿಸಿದ್ದರೆ ಬದಲಾಯಿಸಬಹುದಿತ್ತೇ?" ಎಂದು ನಮ್ಮನ್ನೇ ಕೇಳಿದರು. ಪಂಚೆ ಉಟ್ಟ ಹಿರಿಯರೊಬ್ಬರು, "ಎಲ್ಲಿ ಬಂತು ತಾಯಿ, ಅರಿಕೆ ಮಾಡ್ಕೋಬಹುದಿತ್ತು, ಅಷ್ಟೇ" ಎಂದರು. ಇಡೀ ಬೆಳಗಿನ ಚರ್ಚೆಗೆ ಬೇಕಾದ ಹಿಡಿ ಆ ಒಂದು ಮಾತಿನಲ್ಲಿ ಸಿಕ್ಕಿತು. ಸಭೆ ಇತ್ತು, ಪ್ರತಿನಿಧಿಗಳಿದ್ದರು, ಮುಂದೆ 1891ರ ಹೊತ್ತಿಗೆ ಚುನಾವಣೆಯೂ ಬಂತು, ಆದರೆ ದಿವಾನರನ್ನು ನೇಮಿಸುವವರು ಮಹಾರಾಜರು, ತೆಗೆಯುವವರೂ ಮಹಾರಾಜರೇ.

ಅಲ್ಲಿಂದ ಚಾಮರಾಜ ವೃತ್ತ, ಕೆ.ಆರ್. ವೃತ್ತ ದಾಟಿ ಜಗನ್ಮೋಹನ ಅರಮನೆಯ ಎದುರಿಗೆ ಬಂದೆವು. 1907ರಲ್ಲಿ ಹುಟ್ಟಿದ, ಕಾನೂನು ರೂಪಿಸುವ ನ್ಯಾಯವಿಧಾಯಕ ಸಭೆಯ ಕಥೆಗೆ ಇದಕ್ಕಿಂತ ಸೂಕ್ತವಾದ ಜಾಗ ಮೈಸೂರಿನಲ್ಲಿಲ್ಲ, ಆದರೆ ಇಲ್ಲಿ ನಮಗೆ ಸಿಕ್ಕಿದ್ದು ಹತ್ತು ನಿಮಿಷ ಮಾತ್ರ. ಅದರಲ್ಲಿ ಎರಡು ನಿಮಿಷ ಗುಂಪಿನ ಫೋಟೋಗೆ ಹೋಯಿತು. 1907ರಿಂದ ನೇರವಾಗಿ 1947ಕ್ಕೆ ಜಿಗಿದುಬಿಟ್ಟರು. ನನಗೆ ಅತ್ಯಂತ ಬೇಸರವಾದದ್ದು ಈ ಜಿಗಿತದಿಂದ. 1938ರ ಏಪ್ರಿಲ್‌ನಲ್ಲಿ ನಮ್ಮ ಮದ್ದೂರಿನ ಪಕ್ಕದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಜನ ಕೇಳಿದ್ದು ಧ್ವಜವೊಂದನ್ನೇ ಅಲ್ಲ, 'ಜವಾಬ್ದಾರಿ ಸರ್ಕಾರ'ವನ್ನು. ಆ ಪದವನ್ನು ಈಗ ನಾವು ಒಳ್ಳೆಯ ನಡತೆಯ ಸರ್ಕಾರ ಎಂಬ ಅರ್ಥದಲ್ಲಿ ಓದಿಕೊಳ್ಳುತ್ತೇವೆ. ಅಂದಿನವರಿಗೆ ಅದರ ಅರ್ಥ ಖಚಿತವಾಗಿತ್ತು: ಮಂತ್ರಿಗಳು ಅರಮನೆಗಲ್ಲ, ಜನರ ಸಭೆಗೆ ಜವಾಬು ಕೊಡಬೇಕು, ಸಭೆ ಬೇಡವೆಂದರೆ ಮನೆಗೆ ಹೋಗಬೇಕು. ಅಂದರೆ ಅವರ ಬೇಡಿಕೆಯ ತಿರುಳು ಆರಿಸುವ ಹಕ್ಕಿಗಿಂತ ಹೆಚ್ಚಾಗಿ ಇಳಿಸುವ ಹಕ್ಕಾಗಿತ್ತು. 1947ರ 'ಮೈಸೂರು ಚಲೋ' ಚಳವಳಿಯ ನಂತರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದನ್ನು ಮಾರ್ಗದರ್ಶಿ ಚೆನ್ನಾಗಿಯೇ ವಿವರಿಸಿದರು. ಆದರೆ ಶಿವಪುರವಿಲ್ಲದೆ ಆ ಕಥೆ ಹೇಳುವುದು ಒಗ್ಗರಣೆಯಿಲ್ಲದ ಸಾರಿನಂತೆ.

ಅದೇ ಜಾಗದಲ್ಲಿ ಸಂವಿಧಾನದ 164ನೇ ವಿಧಿಯ ಮಾತು ಬಂತು. ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ, ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಮತದಾರ ಮುಖ್ಯಮಂತ್ರಿಗೆಂದು ಗುಂಡಿ ಒತ್ತುವುದೇ ಇಲ್ಲ, ತನ್ನ ಕ್ಷೇತ್ರದ ಶಾಸಕನಿಗೆ ಮಾತ್ರ ಒತ್ತುತ್ತಾನೆ. ಗುಂಪಿನಲ್ಲಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಇದನ್ನು ಮೊದಲ ಬಾರಿಗೆ ಕೇಳಿದವನಂತೆ, "ಹಾಗಾದರೆ ಹೋರ್ಡಿಂಗ್‌ನಲ್ಲಿ 'ಮುಂದಿನ ಮುಖ್ಯಮಂತ್ರಿ' ಅಂತ ಹಾಕೋದು ಯಾಕೆ?" ಎಂದು ಕೇಳಿದ. ಎಲ್ಲರೂ ನಕ್ಕರು. ಮಾರ್ಗದರ್ಶಿ ಮಾತ್ರ ನಗದೆ, 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಆಡಿದ ಮಾತಿನ ಸಾರಾಂಶ ಹೇಳಿದರು. ಅಮೆರಿಕದ ಪದ್ಧತಿಯಲ್ಲಿ ಆಡಳಿತಗಾರನಿಗೆ ಸ್ಥಿರತೆ ಹೆಚ್ಚು, ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆ ಹೆಚ್ಚು, ಅಲ್ಲಿ ಜನ ಕೆಲವು ವರ್ಷಗಳಿಗೊಮ್ಮೆ ಲೆಕ್ಕ ಕೇಳುತ್ತಾರೆ, ಇಲ್ಲಿ ಪ್ರಶ್ನೆ, ನಿಲುವಳಿ ಸೂಚನೆ, ಅವಿಶ್ವಾಸ ನಿರ್ಣಯಗಳ ಮೂಲಕ ಸದನ ದಿನದಿನವೂ ಲೆಕ್ಕ ಕೇಳುತ್ತದೆ, ಆದ್ದರಿಂದ ಕರಡು ಸಂವಿಧಾನ ಹೊಣೆಗಾರಿಕೆಯನ್ನು ಆರಿಸಿಕೊಂಡಿದೆ ಎಂಬುದು ಅವರ ವಾದ. ಮುಂದೆ ನಮ್ಮದೇ ರಾಜ್ಯದ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ, ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದದ್ದು ಸದನದಲ್ಲಿಯೇ ಹೊರತು ರಾಜಭವನದಲ್ಲಲ್ಲ ಎಂದದ್ದೂ ಇದೇ ತರ್ಕದ ಮುಂದುವರಿಕೆ. ಹತ್ತು ನಿಮಿಷದಲ್ಲಿ ಇಷ್ಟನ್ನು ತೊಡಕಿಲ್ಲದೆ ಹೇಳಿದ್ದು ಮೆಚ್ಚಬೇಕಾದ ಕೆಲಸ.

ನಡಿಗೆಯ ಜೀವಾಳ ಮುಂದಿನ ನಿಲುಗಡೆಯಲ್ಲಿತ್ತು. ಮಹಾನಗರ ಪಾಲಿಕೆಯ ಕಚೇರಿಯ ಎದುರಿನ ಮರದ ಕೆಳಗೆ ಅರ್ಧ ಗಂಟೆ ಕಳೆದೆವು, ಒಂದು ಗಂಟೆಯಿದ್ದರೂ ನನಗೆ ಸಾಲುತ್ತಿರಲಿಲ್ಲ. 2018ರ ಚುನಾವಣೆಯ ಹೊತ್ತಿಗೆ ಮೈಸೂರಿಗೆ 65 ವಾರ್ಡುಗಳು. ಅಲ್ಲಿ ಗೆದ್ದ ಸದಸ್ಯರು, ಅವರ ಜೊತೆಗೆ ನಗರದ ಶಾಸಕರು ಮತ್ತು ಸಂಸದರು, ಪ್ರಾದೇಶಿಕ ಆಯುಕ್ತರ ಅಧ್ಯಕ್ಷತೆಯಲ್ಲಿ ಸೇರಿ ಕೈ ಎತ್ತಿ ಮೇಯರ್ ಅವರನ್ನು ಆರಿಸುವುದು ಇಲ್ಲಿ ನಡೆದುಬಂದ ಕ್ರಮ, ಅವಧಿ ಒಂದು ವರ್ಷ. ಮೇಯರ್ ಹುದ್ದೆ ಯಾವ ವರ್ಗಕ್ಕೆ ಎಂಬುದನ್ನು ಸರ್ಕಾರದ ಮೀಸಲಾತಿ ಪಟ್ಟಿ ಹೇಳುತ್ತದೆ. 2023ರ ನವೆಂಬರ್‌ನಲ್ಲಿ ಪರಿಷತ್ತಿನ ಅವಧಿ ಮುಗಿದ ಮೇಲೆ ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಒಂದು ವರ್ಷದಲ್ಲಿ ಮೇಯರ್ ಒಬ್ಬರು ಬಜೆಟ್ ಅರ್ಥಮಾಡಿಕೊಳ್ಳುವಷ್ಟರಲ್ಲಿ ಬೀಳ್ಕೊಡುಗೆಯ ಶಾಲು ಸಿದ್ಧವಾಗಿರುತ್ತದೆ ಎಂದು ಮಾರ್ಗದರ್ಶಿ ಹೇಳಿದಾಗ, ಗುಂಪಿನಲ್ಲಿ ಬಹುತೇಕರು ನೇರ ಚುನಾವಣೆಯೇ ಮದ್ದು ಎಂಬ ಕಡೆಗೆ ವಾಲಿದರು.

ನನಗೆ ಆಗ ನೆನಪಾದದ್ದು ನಾನೇ ನಡಾವಳಿ ಬರೆದ ಒಂದು ಅಧ್ಯಕ್ಷರ ಚುನಾವಣೆ. ಊರು ಯಾವುದೆಂಬುದು ಮುಖ್ಯವಲ್ಲ. ಹನ್ನೊಂದು ಗಂಟೆಗೆ ಸಭೆ, ಕೋರಂ ಆಗುವುದೇ ಅನುಮಾನ ಎಂದು ಕಾಯುತ್ತಿದ್ದಾಗ ಹತ್ತು ನಿಮಿಷ ಮೊದಲು ಟೆಂಪೋ ಟ್ರಾವೆಲರ್ ಒಂದು ಬಂದು ನಿಂತಿತು. ಅದರಿಂದ ಇಳಿದ ಸದಸ್ಯರು ಯಾರ ಮುಖವನ್ನೂ ನೋಡದೆ ಸಾಲಾಗಿ ಒಳಗೆ ಬಂದು ಕುಳಿತರು. ಚುನಾವಣಾಧಿಕಾರಿ ಹೆಸರು ಓದಿ, ಪರವಾಗಿರುವವರು ಕೈ ಎತ್ತಿ ಎಂದರು. ನನ್ನ ಮೇಜಿಗೆ ಹತ್ತಿರವಿದ್ದ ಸದಸ್ಯರೊಬ್ಬರು ಎತ್ತಿದ ಕೈಯ ಮಣಿಕಟ್ಟಿನಲ್ಲಿ ಯಾವುದೋ ರೆಸಾರ್ಟಿನವರು ಕಟ್ಟಿದ ಹಳದಿ ಕಾಗದದ ಪಟ್ಟಿ ಇನ್ನೂ ಇತ್ತು. ನಾನು ಎಣಿಸಿ, ಪರವಾಗಿ ಇಷ್ಟು, ವಿರುದ್ಧವಾಗಿ ಇಷ್ಟು ಎಂದು ಬರೆದೆ. ನಡಾವಳಿ ಪುಸ್ತಕದಲ್ಲಿ ಮಣಿಕಟ್ಟಿಗೆ ಕಾಲಂ ಇರುವುದಿಲ್ಲ.

ಇಂಥದ್ದನ್ನು ಕಣ್ಣಾರೆ ಕಂಡವನು ನೇರ ಚುನಾವಣೆಯ ಪರ ನಿಲ್ಲಬೇಕು ಎಂದು ನೀವು ಭಾವಿಸಬಹುದು. ಅರ್ಧದಷ್ಟು ಮಾತ್ರ ನಿಲ್ಲುತ್ತೇನೆ. ಮಂದಿ ಕಡಿಮೆಯಾದಷ್ಟೂ ಖರೀದಿ ಸುಲಭ ಎಂಬುದು ನಿಜ. ಮೂವತ್ತು ಮಂದಿಯನ್ನು ವ್ಯಾನಿನಲ್ಲಿ ಕೂಡಿಹಾಕಬಹುದು, ಮೂರು ಲಕ್ಷ ಮಂದಿಯನ್ನು ಆಗುವುದಿಲ್ಲ. ಆದರೆ ಕರ್ನಾಟಕದ ಪಾಲಿಕೆಗಳಲ್ಲಿ ಕಾರ್ಯಾಂಗದ ಅಧಿಕಾರ ಇರುವುದು ಸರ್ಕಾರ ನೇಮಿಸುವ ಆಯುಕ್ತರಲ್ಲಿ, ಮೇಯರ್ ಮುಖ್ಯವಾಗಿ ಸಭೆಯ ಅಧ್ಯಕ್ಷತೆ ವಹಿಸುವವರು. ಕಡತಕ್ಕೆ ಸಹಿ ಹಾಕುವ ಅಧಿಕಾರವನ್ನು ಕೊಡದೆ ಇಡೀ ನಗರದ ಮತವನ್ನು ಮಾತ್ರ ತಲೆಯ ಮೇಲೆ ಹೊರಿಸಿದರೆ ಆ ಮೇಯರ್ ಜನರ ಬೈಗುಳಕ್ಕೆ ನೇರ ವಿಳಾಸವಾಗುತ್ತಾರೆಯೇ ಹೊರತು ಚರಂಡಿ ಒಂದು ಅಡಿಯೂ ಮುಂದೆ ಹೋಗುವುದಿಲ್ಲ. ಈ ಮಾತನ್ನು ಮಾರ್ಗದರ್ಶಿ ಎತ್ತಲೇ ಇಲ್ಲ, ನಾನು ಎತ್ತಿದಾಗ ಒಪ್ಪಿದರು. ಇನ್ನೊಂದು ಸಂಗತಿಯೂ ಬಿಟ್ಟುಹೋಯಿತು. ಮೀಸಲಾತಿ ಪಟ್ಟಿಯ ವ್ಯಾಜ್ಯ ಕೋರ್ಟಿನಲ್ಲಿದ್ದ ಕಾರಣ 2018ರಲ್ಲಿ ಗೆದ್ದ ಎಷ್ಟೋ ನಗರಸಭೆ, ಪುರಸಭೆಗಳ ಸದಸ್ಯರು ಅಧ್ಯಕ್ಷರನ್ನು ಆರಿಸಲು 2020ರ ಕೊನೆಯ ಭಾಗದವರೆಗೆ ಕಾದರು. ಆರಿಸುವವರು ಯಾರೇ ಆಗಲಿ, ಆರಿಸುವ ದಿನಾಂಕ ಸರ್ಕಾರದ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿರಲಿಲ್ಲ.

ಬೇರೆ ರಾಜ್ಯಗಳ ವಿಚಾರವನ್ನು ಇಲ್ಲಿ ಚೆನ್ನಾಗಿ ನಿಭಾಯಿಸಿದರು. ಪೌರಸಂಸ್ಥೆಯ ಅಧ್ಯಕ್ಷರನ್ನು ಆರಿಸುವ ಬಗೆಯನ್ನು ಸಂವಿಧಾನದ 243ಆರ್ ವಿಧಿ ರಾಜ್ಯದ ಕಾನೂನಿಗೆ ಬಿಟ್ಟಿರುವುದರಿಂದ ಒಂದೊಂದು ರಾಜ್ಯದ್ದು ಒಂದೊಂದು ದಾರಿ. ಉತ್ತರ ಪ್ರದೇಶದಲ್ಲಿ ಮೇಯರ್‌ಗೆ ಜನರೇ ಮತ ಹಾಕುತ್ತಾರೆ. ಮಧ್ಯಪ್ರದೇಶ ನೇರ ಚುನಾವಣೆಯನ್ನು ಕೈಬಿಟ್ಟು 2022ರ ಹೊತ್ತಿಗೆ ಮತ್ತೆ ಅದಕ್ಕೇ ಮರಳಿತು. ತಮಿಳುನಾಡು ನೇರ ಚುನಾವಣೆಯಿಂದ ಸದಸ್ಯರ ಆಯ್ಕೆಗೆ ಹೊರಳಿತು. ಸರ್ಕಾರ ಬದಲಾದಾಗಲೆಲ್ಲ ಪದ್ಧತಿಯೂ ಬದಲಾಗುವುದನ್ನು ನೋಡಿದರೆ, ತತ್ವಕ್ಕಿಂತ ಮುಂದಿನ ಚುನಾವಣೆಯ ಲೆಕ್ಕಾಚಾರವೇ ಮೇಲಾಗುತ್ತದೆ ಎಂಬ ಅನುಮಾನ ಬಾರದಿರದು. ಮಧ್ಯಪ್ರದೇಶದ ಪೌರಸಂಸ್ಥೆಗಳಲ್ಲಿ ನೇರವಾಗಿ ಗೆದ್ದ ಅಧ್ಯಕ್ಷರನ್ನು ಜನರೇ ವಾಪಸು ಕರೆಸುವ ಮತದಾನವೂ ಉಂಟು, ಅದರಲ್ಲಿ 'ಖಾಲಿ ಕುರ್ಚಿ', 'ತುಂಬಿದ ಕುರ್ಚಿ' ಎಂಬ ಎರಡೇ ಚಿಹ್ನೆಗಳು ಎಂದು ಅವರು ಹೇಳಿದಾಗ ಪಂಚೆಯ ಹಿರಿಯರು, "ಇದು ಭೇಷ್" ಎಂದು ಕೈಯಲ್ಲಿದ್ದ ಕೊಡೆಯನ್ನು ನೆಲಕ್ಕೆ ಕುಟ್ಟಿದರು.

ಈಗ ಕೊಟ್ಟ ಕೈಪಿಡಿಯ ವಿಚಾರ. ಎಂಟು ಪುಟ, ಜೆರಾಕ್ಸ್ ಮಾಡಿಸಿ ಪಿನ್ ಹೊಡೆದದ್ದು, ಅಕ್ಷರ ಎಷ್ಟು ಸಣ್ಣದೆಂದರೆ ಅರವತ್ತು ದಾಟಿದವರು ತೋಳು ನೀಳವಾಗಿ ಚಾಚಿ ಓದಬೇಕು. ಅದಕ್ಕಿಂತ ದೊಡ್ಡ ದೋಷ ಆರನೆಯ ಪುಟದಲ್ಲಿತ್ತು: "ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಕಾರ್ಯಾಂಗದ ಎಲ್ಲ ಅಧಿಕಾರಿಗಳನ್ನು ಜನರೇ ಆರಿಸುತ್ತಾರೆ." ಇದು ತಪ್ಪು. ಗವರ್ನರ್‌ಗಳನ್ನು ಜನರೇ ಆರಿಸುವುದು ನಿಜ, ಉಳಿದವರ ವಿಷಯದಲ್ಲಿ ಐವತ್ತು ರಾಜ್ಯಗಳಿಗೂ ಒಂದೇ ಅಳತೆಯಿಲ್ಲ. ಸರ್ಕಾರದ ಪರ ವಾದಿಸುವ ಅಟಾರ್ನಿ ಜನರಲ್ ಅವರನ್ನು 43 ರಾಜ್ಯಗಳಲ್ಲಿ ಜನ ಆರಿಸಿದರೆ, ಐದರಲ್ಲಿ ಗವರ್ನರ್ ನೇಮಿಸುತ್ತಾರೆ, ಟೆನೆಸೀಯಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ನೇಮಿಸುತ್ತದೆ, ಮೇನ್ ರಾಜ್ಯದಲ್ಲಿ ಶಾಸನಸಭೆ ಆರಿಸುತ್ತದೆ. ಮೇನ್‌ನಲ್ಲಿ ಅಟಾರ್ನಿ ಜನರಲ್ ಮಾತ್ರವಲ್ಲ, ಚುನಾವಣೆ ಮತ್ತು ದಾಖಲೆಗಳನ್ನು ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಹಾಗೂ ಖಜಾಂಚಿಯನ್ನೂ ಎರಡು ವರ್ಷಗಳಿಗೊಮ್ಮೆ ಉಭಯ ಸದನಗಳು ಒಟ್ಟಿಗೆ ಸೇರಿ ಆರಿಸುತ್ತವೆ. ಜನರ ಬಾಗಿಲಿಗೆ ಹೋಗದೆ ಶಾಸಕರ ಬಾಗಿಲು ತಟ್ಟಿ ಗೆಲ್ಲುವ ಹುದ್ದೆಗಳು ಇವು ಎಂಬುದು ಈ ಕ್ರಮದ ಮೇಲಿನ ಸಹಜ ಆಕ್ಷೇಪಣೆ. ಅದರ ಉತ್ತರವೂ ಪಕ್ಕದಲ್ಲೇ ಇದೆ: ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶಾಸನಸಭೆ ಹೀಗೆಯೇ ಆರಿಸಿದ ಸೆಕ್ರೆಟರಿ ಆಫ್ ಸ್ಟೇಟ್ ಬಿಲ್ ಗಾರ್ಡ್ನರ್ 1976ರಿಂದ 2022ರವರೆಗೆ, ಸದನದಲ್ಲಿ ಪಕ್ಷಗಳ ಬಲ ಏರಿಳಿದರೂ, ಅದೇ ಕುರ್ಚಿಯಲ್ಲಿ ಚುನಾವಣೆಗಳನ್ನು ನಡೆಸಿದರು. ಮೈಸೂರಿನ ಒಂದು ವರ್ಷದ ಮೇಯರ್ ಆಗುವುದೂ ಸಭೆಯ ಆಯ್ಕೆಯಿಂದಲೇ, ಗಾರ್ಡ್ನರ್ ನಲವತ್ತೈದು ವರ್ಷ ಆ ಕುರ್ಚಿಯಲ್ಲಿದ್ದದ್ದೂ ಸಭೆಯ ಆಯ್ಕೆಯಿಂದಲೇ.

ಇತಿಹಾಸ ಒಂದೇ ದಿಕ್ಕಿನಲ್ಲಿ ಹರಿದಿಲ್ಲ ಎಂಬುದನ್ನೂ ಆ ಪುಟದಲ್ಲಿ ಎರಡು ಸಾಲು ಬರೆಯಬಹುದಿತ್ತು. ನ್ಯೂಯಾರ್ಕ್ ರಾಜ್ಯ 1846ರ ಸಂವಿಧಾನದಲ್ಲಿ ಸೆಕ್ರೆಟರಿ ಆಫ್ ಸ್ಟೇಟ್, ಲೆಕ್ಕನಿಯಂತ್ರಕ, ಖಜಾಂಚಿ, ಅಟಾರ್ನಿ ಜನರಲ್ ಇವರನ್ನೆಲ್ಲ ಜನರ ಮತಕ್ಕೆ ಒಪ್ಪಿಸಿತು. ಎಂಟು ದಶಕ ಕಳೆಯುವಷ್ಟರಲ್ಲಿ, ಮತಪತ್ರ ಉದ್ದವಾಯಿತು, ಯಾರು ಯಾವುದಕ್ಕೆ ಹೊಣೆ ಎಂಬುದೇ ತಿಳಿಯುವುದಿಲ್ಲ ಎಂಬ ದೂರು ಬಲವಾಗಿ, 1920ರ ದಶಕದಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಮತ್ತು ಖಜಾಂಚಿಯನ್ನು ಮತಪತ್ರದಿಂದ ತೆಗೆದುಹಾಕಿತು. ಲೆಕ್ಕನಿಯಂತ್ರಕರನ್ನು ಮತ್ತು ಅಟಾರ್ನಿ ಜನರಲ್ ಅವರನ್ನು ಉಳಿಸಿಕೊಂಡಿತು, ಅಂದರೆ ಗವರ್ನರ್‌ನ ಲೆಕ್ಕ ನೋಡುವವರು ಮತ್ತು ಕಾನೂನು ಹೇಳುವವರು ಅವರ ಕೈಕೆಳಗಿರಬಾರದು ಎಂಬ ಎಚ್ಚರ. ನನ್ನ ದೃಷ್ಟಿಯಲ್ಲಿ ಇದು ನೇರ ಚುನಾವಣೆಯ ಪರವಾಗಿ ಇರುವ ವಾದಗಳಲ್ಲೇ ಗಟ್ಟಿಯಾದದ್ದು.

ಕೊನೆಯ ಅರ್ಧ ಗಂಟೆ ಒಂದು ಆಟ. ಕರ್ಜನ್ ಪಾರ್ಕಿನವರೆಗೆ ಮತ್ತೆ ನಡೆಸಿದ್ದು ಮಂಡಿನೋವಿನವರಿಗೆ ಹಿತವಾಗಲಿಲ್ಲ, ಆದರೆ ಆಟ ಮಾತ್ರ ಕೊಟ್ಟ ದುಡ್ಡಿಗೆ ಮೋಸ ಮಾಡಲಿಲ್ಲ. ನಮ್ಮ ಗುಂಪಿಗೆ ಒಬ್ಬ ಖಜಾಂಚಿಯನ್ನು ಎರಡು ಬಗೆಯಲ್ಲಿ ಆರಿಸಬೇಕು. ಮೂವರು ನಿಂತರು: ಅದೇ ಎಂಜಿನಿಯರಿಂಗ್ ಹುಡುಗ, ಬಟ್ಟೆ ಅಂಗಡಿಯ ಮಾಲೀಕರು, ಬ್ಯಾಂಕಿನಿಂದ ನಿವೃತ್ತರಾದ ಮೇಡಂ ಒಬ್ಬರು. ಮೊದಲ ಸುತ್ತಿನಲ್ಲಿ ಎಲ್ಲರೂ ಚೀಟಿ ಬರೆದು ಚಕ್ಕುಲಿ ವಾಸನೆ ಇನ್ನೂ ಹೋಗದ ಒಂದು ಸ್ಟೀಲ್ ಡಬ್ಬಕ್ಕೆ ಹಾಕಿದೆವು. ಹುಡುಗನಿಗೆ 10, ಅಂಗಡಿಯವರಿಗೆ 8, ಮೇಡಂಗೆ 6. ಎರಡನೆಯ ಸುತ್ತಿನಲ್ಲಿ ಕುಳಿತ ಸಾಲಿನ ಪ್ರಕಾರ ಐದು ಗುಂಪು ಮಾಡಿ, ಒಂದೊಂದು ಗುಂಪು ಒಬ್ಬ ಪ್ರತಿನಿಧಿಯನ್ನು ಆರಿಸಿ, ಆ ಐವರು ಖಜಾಂಚಿಯನ್ನು ಆರಿಸಬೇಕಿತ್ತು. ನಾನೂ ಐವರಲ್ಲಿ ಒಬ್ಬನಾದೆ. ಮರದ ಹಿಂದೆ ಹತ್ತು ನಿಮಿಷ ಮಾತುಕತೆ. ಇಬ್ಬರು ಹುಡುಗನ ಕಡೆ, ಇಬ್ಬರು ಅಂಗಡಿಯವರ ಕಡೆ, ನಾನು ಮೇಡಂ ಕಡೆ. "ನಮ್ಮ ಕಡೆ ಬಂದ್ಬಿಡಿ ಸರ್, ದೋಸೆ ನಮ್ಮದು" ಎಂದು ಹುಡುಗನ ಕಡೆಯವರೊಬ್ಬರು ತಮಾಷೆಗೆ ಹೇಳಿದರು, ನನಗೆ ಹಳದಿ ಪಟ್ಟಿ ನೆನಪಾಗಿ ಅರೆಗಳಿಗೆ ನಗು ಬರಲಿಲ್ಲ. ಕೊನೆಗೆ ಅಂಗಡಿಯ ಕಡೆಯವರಿಬ್ಬರು, ಹುಡುಗ ಬರುವುದಕ್ಕಿಂತ ಮೇಡಂ ವಾಸಿ ಎಂದು ನನ್ನ ಜೊತೆ ಸೇರಿದರು. 3-2 ಮತಗಳಿಂದ, ಮೊದಲ ಸುತ್ತಿನಲ್ಲಿ ಕೊನೆಯ ಸ್ಥಾನದಲ್ಲಿದ್ದವರು ಖಜಾಂಚಿಯಾದರು.

"ನನಗೆ ಹತ್ತು ವೋಟು ಬಿದ್ದಿತ್ತಲ್ಲಾ ಮೇಡಂ?" ಎಂದ ಹುಡುಗನ ಮುಖ ನಿಜವಾಗಿಯೂ ಕಪ್ಪಿಟ್ಟಿತ್ತು. "ಹದಿನಾಲ್ಕು ಬಿದ್ದಿರಲಿಲ್ಲವಲ್ಲಪ್ಪ" ಎಂದರು ಅಂಗಡಿಯವರು. ಇಬ್ಬರ ಮಾತಿನಲ್ಲೂ ನ್ಯಾಯವಿದೆ. 1966ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಇದೇ ಆಟ ನಿಜವಾಗಿ ನಡೆಯಿತು. ಗವರ್ನರ್ ಚುನಾವಣೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದೆ ಆಯ್ಕೆ ಶಾಸನಸಭೆಯ ಪಾಲಾದಾಗ, ಹೆಚ್ಚು ಮತ ಪಡೆದಿದ್ದ ಬೋ ಕ್ಯಾಲವೇ ಅವರನ್ನು ಬಿಟ್ಟು ಸದನ ತನ್ನ ಬಹುಸಂಖ್ಯಾತ ಪಕ್ಷದ ಲೆಸ್ಟರ್ ಮ್ಯಾಡಾಕ್ಸ್ ಅವರನ್ನು ಆರಿಸಿತು. ಆಮೇಲೆ ಆ ರಾಜ್ಯ ನಿಯಮವನ್ನೇ ಬದಲಿಸಿ, ಯಾರಿಗೂ ಅರ್ಧ ದಾಟದಿದ್ದರೆ ಮೊದಲಿಬ್ಬರ ನಡುವೆ ಜನರೇ ಮತ್ತೊಮ್ಮೆ ಮತ ಹಾಕುವಂತೆ ಮಾಡಿಕೊಂಡಿತು. ಆಟದಲ್ಲೂ ಅಂಥ ಮೂರನೆಯ ಸುತ್ತು ಇದ್ದಿದ್ದರೆ ಹುಡುಗನೋ ಅಂಗಡಿಯವರೋ ಎಂಬುದು ಸ್ಪಷ್ಟವಾಗುತ್ತಿತ್ತು.

ಆಟದ ಬಗ್ಗೆ ನನ್ನ ಮುಖ್ಯ ತಕರಾರು ಬೇರೆ. ಖಜಾಂಚಿಯನ್ನು ಕೂರಿಸುವುದು ಹೇಗೆಂದು ಎರಡು ಸಲ ತೋರಿಸಿದರು, ಇಳಿಸುವುದು ಹೇಗೆಂದು ಒಂದು ಸಲವೂ ತೋರಿಸಲಿಲ್ಲ. ಮೇಡಂ ಲೆಕ್ಕ ತಪ್ಪಿದರೆ ಮರದ ಹಿಂದಿನ ಐವರು ಐದು ನಿಮಿಷದಲ್ಲಿ ಮತ್ತೆ ಕೈ ಎತ್ತಿ ಬದಲಾಯಿಸಬಹುದು, ಚೀಟಿಯಿಂದ ಗೆದ್ದ ಹುಡುಗ ತಪ್ಪಿದರೆ ಇಪ್ಪತ್ತನಾಲ್ಕು ಮಂದಿಯನ್ನೂ ಮತ್ತೆ ಕೂಡಿಸಬೇಕು. 2003ರಲ್ಲಿ ಕ್ಯಾಲಿಫೋರ್ನಿಯಾದ ಜನ ಗವರ್ನರ್ ಗ್ರೇ ಡೇವಿಸ್ ಅವರನ್ನು ಅವಧಿಯ ನಡುವೆ ಇಳಿಸಲು ಸಹಿ ಸಂಗ್ರಹಿಸಿ ಇಡೀ ರಾಜ್ಯದಲ್ಲಿ ಮತದಾನ ನಡೆಸಬೇಕಾಯಿತು. ನಮ್ಮಲ್ಲಿ ಕುಮಾರಸ್ವಾಮಿಯವರ ಸರ್ಕಾರ ಇಳಿಯಲು 2019ರ ಜುಲೈ 23ರಂದು ವಿಧಾನಸಭೆಯಲ್ಲಿ ಪರ 99, ವಿರುದ್ಧ 105 ಎಂದು ಎಣಿಸಿದ್ದೇ ಸಾಕಾಯಿತು. ಈ ಸುಲಭವೇ ರೆಸಾರ್ಟುಗಳಿಗೆ ದಾರಿ ಎಂಬುದೂ ಅಷ್ಟೇ ಸತ್ಯ. ಇವೆರಡನ್ನೂ ಒಟ್ಟಿಗೆ ತೂಗದ ಚರ್ಚೆ ಅರ್ಧ ಚರ್ಚೆ. ಇದನ್ನೇ ತಂಡಕ್ಕೆ ಬರೆದೆ. ಆರನೆಯ ಪುಟ ತಿದ್ದುತ್ತೇವೆ, ಇಳಿಸುವ ಸುತ್ತನ್ನು ಸೇರಿಸಲು ಸಮಯ ಸಾಲುವುದೇ ನೋಡುತ್ತೇವೆ ಎಂದು ಎರಡೇ ದಿನದಲ್ಲಿ ಉತ್ತರ ಬಂತು. ಫೋಟೋದ ಎರಡು ನಿಮಿಷ ಉಳಿಸಿದರೆ ಸಾಲುತ್ತದೆ ಎಂದು ನಾನು ಮರು ಉತ್ತರ ಕಳಿಸಿದ್ದೇನೆ.

ಸೇವೆಯ ಉಳಿದ ವಿವರಗಳು ಹೀಗಿವೆ. ಮೈಕು ಇಲ್ಲ, ಬಸ್ಸಿನ ಹಾರನ್ ನಡುವೆ ಹಿಂದಿನ ಸಾಲಿನವರಿಗೆ ಅರ್ಧ ಮಾತು ಕೇಳಿಸುವುದಿಲ್ಲ, ಆದ್ದರಿಂದ ಮುಂದೆ ನಿಲ್ಲಿ. ಶೌಚಾಲಯಕ್ಕೆ ಎಲ್ಲಿ ಹೋಗಬೇಕೆಂದು ಮೊದಲೇ ಕೇಳಿಕೊಳ್ಳಿ, ಅವರಾಗಿ ಹೇಳುವುದಿಲ್ಲ. ನೀರಿನ ಬಾಟಲಿ, ಟೋಪಿ ಜೊತೆಗಿರಲಿ. ಶುಲ್ಕದಲ್ಲಿ ತಿಂಡಿ ಸೇರಿಲ್ಲ. ಪ್ರಥಮ ಪಿಯುಸಿಯಿಂದ ಮೇಲಿನ ಮಕ್ಕಳಿಗೆ ಖಂಡಿತ ಹಿಡಿಸುತ್ತದೆ, ಅದಕ್ಕಿಂತ ಚಿಕ್ಕವರು ಅರಮನೆಯ ಎದುರಿಗೇ ಆನೆ ಕೇಳಲು ಶುರುಮಾಡುತ್ತಾರೆ. ಕೆಎಎಸ್ ಪರೀಕ್ಷೆಗೆ ಓದುವವರು ಕೈಪಿಡಿಯನ್ನು ನಂಬಿ ಉತ್ತರ ಬರೆಯಬಾರದು, ಮಾರ್ಗದರ್ಶಿಯ ಮಾತನ್ನು ಟಿಪ್ಪಣಿ ಮಾಡಿಕೊಳ್ಳಬಹುದು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ, ಶಿವಪುರ ಸೇರಿಸಿದ ದಿನ ನಾಲ್ಕು.

ಪಾರ್ಕಿನಿಂದ ಹೊರಬಂದ ಮೇಲೆ ನಾವು ಏಳೆಂಟು ಮಂದಿ ಹೋಟೆಲಿಗೆ ಹೋದೆವು. ಹುಡುಗನ ಕಡೆಯ ಆ ಪ್ರತಿನಿಧಿ ನನ್ನ ಎದುರಿಗೇ ಕುಳಿತು, ಮತ ಕೊಡದಿದ್ದರೂ ಮಾತು ಮಾತೇ ಎಂದು ನನಗೆ ಮಸಾಲೆ ದೋಸೆ ಕೊಡಿಸಿದರು. ಬಿಲ್ಲನ್ನು ಎಲ್ಲರಿಗೂ ಹಂಚಿ ಲೆಕ್ಕ ಹಾಕಿದ್ದು ಬ್ಯಾಂಕಿನ ಮೇಡಂ. ನನ್ನ ಪಾಲಿಗೆ ಕಾಫಿಯ ದುಡ್ಡು ಮಾತ್ರ ಬಂತು.